ಜೀನ್ ಮೇಷ್ಟ್ರು
ನಮ್ಮ ಪ್ರಯೋಗಾಲಯದ ಮುಖ್ಯಸ್ಥರಿಗೆ ನಾವಿಟ್ಟ ಹೆಸರು ಜೀನ್ ಮೇಷ್ಟ್ರು. ನನ್ನ ಸಿಡುಕು, ಜವಾನನ ಗೊರಕೆ, ಎಲ್ಲವೂ ಅವರ ಪ್ರಕಾರ ಜೀನ್‌ನಲ್ಲೇ ಬರೆದಿದೆ. ಅವರು ಹಿಡಿದ ಮೊಲಕ್ಕೆ ಮೂರೇ ಕಾಲು. ಆ ಮೂರೂ ಜೀನ್‌ನಿಂದಲೇ ಬಂದವು. ಕತ್ತರಿಸಿದ ಭಾಗವನ್ನು ಮತ್ತೆ ಬೆಳೆಸಿಕೊಳ್ಳುವ ಚಪ್ಪಟೆಹುಳುವಿನ ತಲೆ, ಬಾಲ ಎರಡನ್ನೂ ಕತ್ತರಿಸಿ, ಅದರ ಜೀವಕೋಶಗಳ ನಡುವಿನ ವಿದ್ಯುತ್ತನ್ನು ಸ್ವಲ್ಪ ಬದಲಿಸಿ, ಬಾಲ ಬರಬೇಕಾದ ಕಡೆಯೂ ತಲೆಯೇ ಬೆಳೆದದ್ದನ್ನು ನಾನು ತೋರಿಸಿದೆ. "ಜೀನ್ ಒಂದೂ ಬದಲಾಗಿಲ್ಲ ಸಾರ್" ಎಂದೆ. "ನೀರು ಕೆಟ್ಟಿರ್ಬೇಕು. ಹೋಗಮ್ಮ, ಪಾತ್ರೆ ತೊಳಿ" ಎಂದರು. ಎರಡು ತಲೆ ಎದುರಿಗಿದ್ದರೂ ತಮ್ಮ ಒಂದು ತಲೆಯನ್ನು ಸೂಕ್ಷ್ಮದರ್ಶಕಕ್ಕೆ ಬಗ್ಗಿಸಲಾರದ ಪಂಡಿತರು. ನನ್ನ ಪ್ರಬಂಧಕ್ಕೆ ಸಹಿ ಬೀಳದೆ ಆರು ತಿಂಗಳಾಯಿತು. ಜಗಳವಾಡಿಯೇ ಬಿಡೋಣವೆಂದು ಮೊನ್ನೆ ಅವರ ಕೋಣೆಗೆ ಹೋದೆ. ಅವರ ಮಗಳ ಎಡಗೈ ಹುಟ್ಟಿನಿಂದಲೂ ಮೊಣಕೈವರೆಗೆ ಮಾತ್ರ ಇದೆ. ಅವಳದ್ದೂ ತಮ್ಮದೂ ಜೀನ್ ಪರೀಕ್ಷೆಯ ವರದಿಯನ್ನು ಅವರು ಫೋನಿನಲ್ಲಿ ತಮ್ಮ ತಾಯಿಗೆ ಓದಿ ಹೇಳುತ್ತಿದ್ದರು. "ದೋಷ ನನ್ ಜೀನ್‌ದೇ ಅಂತ ಬರೆದಿದಾರಮ್ಮ. ನನ್ ಹೆಂಡ್ತಿ ಬಸುರಿಲಿ ಏನೂ ತಪ್ಪು ಮಾಡಿಲ್ಲ. ಇನ್ಮೇಲಾದ್ರೂ ಸೊಸೆನ ಬಯ್ಯಬೇಡ." ಮೇಜಿನ ಮೇಲಿದ್ದ ಆ ಕಾಗದ ನನಗೆ ಕಾಣುತ್ತಿತ್ತು. ಇಬ್ಬರಲ್ಲೂ ಯಾವ ದೋಷವೂ ಕಂಡುಬಂದಿಲ್ಲ ಎಂದಷ್ಟೇ ಅದರಲ್ಲಿತ್ತು.