ಕೆನ್ನೆಗೆ ಬೇಡವೆಂದ ಎಣ್ಣೆ

ಮೊಡವೆಯ ಬಗ್ಗೆ ನಾನು ಯಾರ ಹತ್ತಿರವೂ ವಾದ ಮಾಡಿದವನಲ್ಲ. ಉಳಿದ ಎಲ್ಲದರ ಬಗ್ಗೆ ಮಾಡಿದ್ದೇನೆ. ಕೊಪ್ಪಳದ ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗೆ ನಿಂತಾಗಿನಿಂದ "ಆಧಾರ ಏನು?" ಎಂದು ಕೇಳುವುದು ನನಗೆ ಸೀನುವಷ್ಟೇ ಸಹಜವಾಗಿತ್ತು. ಗ್ರಹಣದ ಹೊತ್ತಿನಲ್ಲಿ ಕುಷ್ಟಗಿಯ ನಮ್ಮ ಮನೆಯ ಪಡಸಾಲೆಯಲ್ಲಿ ಎಲ್ಲರೆದುರು ಕೂತು ಉಪ್ಪಿಟ್ಟು ತಿಂದವನು ನಾನು. ಹಾಸ್ಟೆಲಿನಲ್ಲಿ ಯಾರೋ ಹೇಳಿದರೆಂದು ಮೊಡವೆಗೆ ಟೂತ್‌ಪೇಸ್ಟ್ ಹಚ್ಚಿಕೊಂಡು ಮಲಗಿದವನೂ ನಾನೇ. ಲಿಂಬೆರಸ ಹಚ್ಚಿ ಉರಿಸಿಕೊಂಡೆ. ಹಣೆ, ಮೂಗು ಜಿಡ್ಡು ಬಿಟ್ಟಾಗಲೆಲ್ಲ ಮೈಸೋಪಿನಿಂದ ತಿಕ್ಕಿ ತೊಳೆದೆ. ಚರ್ಮ ಬಿರಿಯುತ್ತಿತ್ತು, ಮಧ್ಯಾಹ್ನದೊಳಗೆ ಮತ್ತೆ ಅದೇ ಹೊಳಪು. ಆಗ ಆಧಾರ ಕೇಳಲಿಲ್ಲ. ನಾಚಿಕೊಂಡವನು ಏನನ್ನೂ ಕೇಳುವುದಿಲ್ಲ, ಹೇಳಿದ್ದನ್ನು ಹಚ್ಚಿಕೊಳ್ಳುತ್ತಾನೆ.

ಬಲಗೆನ್ನೆ ಹೆಚ್ಚು ಕೆಟ್ಟಿತ್ತು. ಹಾಗಾಗಿ ಮೈಕಿನ ಮುಂದೆ ಓರೆಯಾಗಿ ನಿಲ್ಲುವುದು ರೂಢಿಯಾಯಿತು. ತೀರ್ಪುಗಾರರೊಬ್ಬರು ಅದನ್ನು ಆತ್ಮವಿಶ್ವಾಸದ ನಿಲುವು ಎಂದು ಹೊಗಳಿದರು. ಚಪ್ಪಾಳೆಯೂ ಬಿತ್ತು.

ಕೊನೆಗೆ ಗಂಗಾವತಿಗೆ ಹೋಗಿ ಚರ್ಮದ ಡಾಕ್ಟರಿಗೆ ತೋರಿಸಿದೆ. ಕೊಪ್ಪಳದಲ್ಲಿ ಪರಿಚಯದವರು ಕಂಡುಬಿಟ್ಟರೆ ಎಂಬ ಹೆದರಿಕೆ.

"ಮಾರಿ ಮ್ಯಾಲ ಇಷ್ಟ ಎಣ್ಣಿ ಐತಿ, ಮತ್ತ ಮಾಯಿಶ್ಚರೈಸರ್ ಯಾಕ್ರಿ?" ಎಂದು ಅಲ್ಲಿ ಮಾತ್ರ ಬಾಯಿಬಿಟ್ಟು ಕೇಳಿದೆ.

"ತಿಕ್ಕಿ ತಿಕ್ಕಿ ತೊಗಲು ಉರಿಸಿ ಇಟ್ಟೀರಿ. ಔಷಧಾನೂ ಒಣಗಸ್ತೈತಿ. ಅದಕ್ಕ ಜಿಡ್ಡಿಲ್ಲದ್ದು ಬರದೀನಿ," ಎಂದರು ಡಾಕ್ಟರಮ್ಮ. ಬೆಳಿಗ್ಗೆ ಸಂಜೆ ಸೌಮ್ಯವಾದ ಫೇಸ್‌ವಾಶ್, ಮಲಗುವಾಗ ಬಟಾಣಿ ಕಾಳಿನಷ್ಟು ಮುಲಾಮು, ಬಿಸಿಲಿಗೆ ಹೊರಟರೆ ಸನ್‌ಸ್ಕ್ರೀನ್. ದಿಂಬಿನ ಕವರು ಆಗಾಗ ಒಗೆಯಬೇಕು, ನಿದ್ದೆಗೆಡಬಾರದು, ಉಗುರು ಹಾಕಬಾರದು, ಮುಖಕ್ಕೆ ಎಣ್ಣೆ ಸೋಕಿಸಬಾರದು. "ತಿಂಗಳುಗಟ್ಟಲೆ ಹಿಡಿತೈತಿ. ತಾಳ್ಮಿ ಐತೇನು?"

ಇರಲಿಲ್ಲ. ಆದರೂ ಮಾಡಿದೆ. ಊರಿಗೆ ಬಂದಾಗ ಫೇಸ್‌ವಾಶಿನ ಟ್ಯೂಬನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಬಚ್ಚಲಿಗೆ ಹೋಗುತ್ತಿದ್ದೆ. ನಮ್ಮ ಮನೆಯ ಗಂಡಸರು ದಿನವೂ ಮುಖಕ್ಕೆ ಹಚ್ಚಿಕೊಂಡದ್ದು ವಿಭೂತಿಯೊಂದೇ.

ಹೊಸ ಮೊಡವೆಗಳು ಕಡಿಮೆಯಾಗತೊಡಗಿದ್ದವು, ಅಷ್ಟರಲ್ಲಿ ಅಕ್ಕನ ಮದುವೆ ಬಂತು. ನಮ್ಮ ಮನೆತನದಲ್ಲಿ ಮದುವೆಗೆ ಮೊದಲು ಮದುಮಗಳ ಜೊತೆ ಒಡಹುಟ್ಟಿದವರನ್ನೂ ಮಣೆಯ ಮೇಲೆ ಕೂರಿಸಿ, ಎಣ್ಣೆ ಅರಿಶಿಣ ಹಚ್ಚಿ ನೀರು ಎರೆಯುತ್ತಾರೆ. ಹಚ್ಚುವ ಹಕ್ಕು ಸೋದರತ್ತೆಯದು. ಆದರೆ ಯಲಬುರ್ಗಾದ ನಮ್ಮ ಅತ್ತೆ ಗಂಡನನ್ನು ಕಳೆದುಕೊಂಡವರು. ಅವರು ಹಚ್ಚುವುದು ಬೇಡವೆಂದು ಹಿರಿಯರು ಗೊಣಗಿದಾಗ, ಆಧಾರ ಏನು, ಆಧಾರ ಏನು ಎಂದು ಕೇಳಿ ಅವರ ಬಾಯಿ ಮುಚ್ಚಿಸಿದ್ದೆ. "ಹಚ್ಚಿದ್ರ ಅತ್ತೀನ ಹಚ್ಚಬೇಕು" ಎಂದಿದ್ದೆ. ಆ ಮಾತು ಕಿವಿಗೆ ಬಿದ್ದೇ ಅತ್ತೆ ಬೆಳಗಿನ ಬಸ್ಸಿಗೆ ಬಂದಿದ್ದರು.

ಅಕ್ಕನ ಮುಖ, ತೋಳು ಹಳದಿಯಾದವು. ಬಟ್ಟಲು ನನ್ನ ಕಡೆ ತಿರುಗಿತು.

"ಬಾರೋ ಅಳಿಯಾ, ಮಾರಿ ಮುಂದ ಮಾಡು."

"ನನಗ ಬ್ಯಾಡ ಅತ್ತಿ."

"ಯಾಕೋ? ಸಣ್ಣಾವಿದ್ದಾಗ ನಾನ ತಿಕ್ಕಿ ಎರದ ಮಾರಿ ಅದು."

ಒಂದು ಮಾತು ಸಾಕಿತ್ತು. ಚಿಕ್ಕಮ್ಮಂದಿರು, ಬೀಗರ ಕಡೆಯ ಹುಡುಗಿಯರು, ಫೋಟೋದವನು, ಎಲ್ಲರೂ ನನ್ನ ಮುಖವನ್ನೇ ನೋಡುತ್ತಿದ್ದರು. ಆ ಒಂದು ಮಾತು ಬರಲಿಲ್ಲ, ಭಾಷಣ ಬಂತು. "ಎಣ್ಣಿ ಹಚ್ಚಲಿಲ್ಲಂದ್ರ ಲಗ್ನ ನಿಲ್ಲತೈತೇನು? ಅಜ್ಜ ಮಾಡಿದ್ದ ಅಂತ ನಾವೂ ಮಾಡೂದು ವಿಚಾರ ಅಲ್ಲ, ಬರೀ ರೂಢಿ." ದನಿಯೂ ವೇದಿಕೆಯದೇ. ಬಲಗೆನ್ನೆ ಆಗಲೇ ಗೋಡೆಯ ಕಡೆ ತಿರುಗಿತ್ತು.

"ಕೊಪ್ಪಳಕ್ಕ ಕಳಿಸಿದ್ದು ಸಾರ್ಥಕ ಆತು ನೋಡ್ರಿ," ಎಂದು ಯಾರೋ ನಕ್ಕರು. ಅತ್ತೆಯ ಕೈ ಹಾಗೇ ನಿಂತಿತ್ತು. ಬೆರಳಿನಿಂದ ಎಣ್ಣೆ ಅವರ ಸೀರೆಯ ಮೇಲೆ ತೊಟ್ಟಿಕ್ಕುತ್ತಿತ್ತು.

"ನನ್ನ ಕೈ ಆಗಂಗಿಲ್ಲಂದ್ರ ಹಂಗ ಹೇಳಪಾ," ಎಂದರು, ಬಹಳ ಮೆಲ್ಲಗೆ. "ಅಕ್ಕಗ ಹಚ್ಚೂಕಿಂತ ಮೊದಲ ಹೇಳಬೇಕಿತ್ತು."

ಬಾಯಿ ಮುಚ್ಚಿಸಿಕೊಂಡಿದ್ದ ಹಿರಿಯರು ಈಗ ತಲೆಯಾಡಿಸತೊಡಗಿದ್ದರು. ನನ್ನ ಮಾತಿನಿಂದ ಅವರೇ ಗೆಲ್ಲುತ್ತಿದ್ದರು.

"ಅಲ್ಲ ಅತ್ತಿ," ಎಂದೆ. "ಮೊಡವಿ. ಗಂಗಾವತ್ಯಾಗ ಡಾಕ್ಟರಿಗೆ ತೋರಿಸೇನಿ. ಮಾರಿಗೆ ಎಣ್ಣಿ ಬ್ಯಾಡ ಅಂದಾರ."

ಹುಡುಗಿಯರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು.

"ಅದಕ್ಕ ಟವೆಲ್ ಗಂಟ ಕಟ್ಕೊಂಡು ಬಚ್ಚಲಕ್ಕ ಹೋಗತಿದ್ದೇನು?" ಎಂದಳು ಅಕ್ಕ, ಅರಿಶಿಣದ ಮುಖದೊಳಗಿಂದ. "ನಾವು ಬೀಡಿ ಸೇದತಾನ ಅಂತ ತಿಳಿದಿದ್ವಿ."

ಅತ್ತೆ ಮಾತ್ರ ನಗಲಿಲ್ಲ. ಎಣ್ಣೆಯಿಲ್ಲದ ಕೈಯಿಂದ ನನ್ನ ಗದ್ದ ಹಿಡಿದು ಬಲಗೆನ್ನೆಯನ್ನು ಬೆಳಕಿಗೆ ತಿರುಗಿಸಿದರು. ಎಲ್ಲರೂ ನೋಡಿದರು.

"ಇಷ್ಟಕ್ಕ ಅಷ್ಟುದ್ದ ಮಾತಾಡಿದೇನೋ?"

ಗದ್ದ ಬಿಟ್ಟು ನನ್ನ ಕಾಲಿನ ಕಡೆ ನೋಡಿದರು.

"ಕಾಲಿಗೂ ಬ್ಯಾಡ ಅಂದಾರೇನು ಡಾಕ್ಟರು?"

"ಇಲ್ಲ."

ಅತ್ತೆ ಕುಕ್ಕರಗಾಲಲ್ಲಿ ಕೂತು ಬಟ್ಟಲಿನ ಎಣ್ಣೆಯನ್ನು ನನ್ನ ಪಾದಕ್ಕೆ ಸುರಿದರು. ಬೆರಳಸಂದಿಗಳನ್ನೂ ಬಿಡದೆ ತಿಕ್ಕಿದರು. ಕಾಲೆಳೆದುಕೊಳ್ಳಬೇಕೆನಿಸಿತು. ಎಳೆದುಕೊಂಡರೆ ಅದಕ್ಕೂ ಒಂದು ಕಾರಣ ಹೇಳಬೇಕಾಗುತ್ತಿತ್ತು.

ಆ ಫೋಟೋ ಅಕ್ಕನ ಆಲ್ಬಮ್ಮಿನಲ್ಲಿದೆ. ಅವಳ ಮುಖ ಹಳದಿ, ನನ್ನ ಪಾದ ಹಳದಿ. ನನ್ನ ಬಲಗೆನ್ನೆ ಕಲೆಗಳ ಸಮೇತ ಪೂರ್ತಿ ಕಾಣುತ್ತದೆ. ಈಗ ಅದನ್ನು ನೋಡಬಲ್ಲೆ. ಕೆಳಗೆ ಅತ್ತೆಯ ಬಗ್ಗಿದ ಬೆನ್ನು, ಸೀರೆಯ ಮೇಲೆ ಎಣ್ಣೆಯ ಕಲೆ. ಅಲ್ಲಿಗೆ ಬಂದಾಗ ಪುಟ ತಿರುವುತ್ತೇನೆ.