ಹಮೀದರ ರಜೆಗಾಗಿ ನನ್ನ ಪ್ರಯಾಣ

ರಜೆ ಮುಗಿಸಿ ಮಂಗಳೂರಿನಿಂದ ಬೆಳಗಿನ ವಿಮಾನದಲ್ಲಿ ಹೊರಟ ನಾನು ಅಬುಧಾಬಿಯಲ್ಲಿ ಇಳಿಯಬೇಕಿತ್ತು. ಅಲ್ಲಿ ಮಂಜು ಕವಿದಿದೆಯೆಂದು ನಮ್ಮನ್ನು ದುಬೈಯಲ್ಲಿ ಇಳಿಸಿದರು. ಬೇರೆ ವರ್ಷವಾಗಿದ್ದರೆ ನಾಲ್ಕು ಮಾತು ಬೈದು, ಒಂದು ಚಹಾ ಕುಡಿದು ಸುಮ್ಮನಾಗುತ್ತಿದ್ದೆ. ಈ ಸಲ ಮತ್ತೆ ಮತ್ತೆ ಗಡಿಯಾರ ನೋಡಿದೆ. ಮರುದಿನ ಉಳ್ಳಾಲದಲ್ಲಿ ಹಮೀದರ ಮಗಳ ನಿಕಾಹ್. ನಾನು ಮುಟ್ಟದೆ ಹಮೀದರು ಊರಿಗೆ ಹೊರಡುವಂತಿರಲಿಲ್ಲ.

ಅಬುಧಾಬಿಯಿಂದ ಎರಡು ಗಂಟೆ ದಾರಿಯ ಮದೀನತ್ ಜಾಯೆದ್‌ನ ಒಂದು ಕಂಪನಿಯ ಸ್ಟೋರ್ ನೋಡಿಕೊಳ್ಳುವವರು ನಾವಿಬ್ಬರೇ. ವರ್ಷಕ್ಕೊಮ್ಮೆ ರಜೆಯೂ ಊರಿಗೆ ಹೋಗಿಬರುವ ಟಿಕೆಟ್ಟೂ ಸಿಗುತ್ತವೆ. ಆದರೆ ಒಬ್ಬ ಬಂದು ಬೀಗದ ಕೈ ತೆಗೆದುಕೊಂಡ ಮೇಲೆಯೇ ಇನ್ನೊಬ್ಬ ಹೊರಡಬೇಕು. ಹಿಂದೆ ಬ್ರಿಟಿಷ್ ಸರಕಾರದ ಸಾಹೇಬರೂ ರಜೆಗೆ ಹಡಗು ಹತ್ತುವ ಮೊದಲು ಬದಲಿಯವನಿಗೆ ಚಾರ್ಜ್ ಕೊಡಬೇಕಿತ್ತಂತೆ. ಅವರಿಗೆ ಹೆಂಡತಿ ಮಕ್ಕಳ ಟಿಕೆಟ್ಟೂ ಸಿಗುತ್ತಿತ್ತಂತೆ. ನಮ್ಮ ಪಾಲಿಗೆ ಬಂದದ್ದು ಚಾರ್ಜಿನ ನಿಯಮ ಮಾತ್ರ. ಹೀಗಾಗಿ ಇಷ್ಟು ವರ್ಷ ಒಂದೇ ಕೋಣೆಯಲ್ಲಿದ್ದರೂ ಒಬ್ಬರ ಮನೆಯ ಮದುವೆಗೆ ಇನ್ನೊಬ್ಬರು ಹೋದದ್ದಿಲ್ಲ.

ಹೊರಡುವ ಹಿಂದಿನ ದಿನ ಉಳ್ಳಾಲಕ್ಕೆ ಹೋಗಿ ಮದುಮಗಳನ್ನು ನೋಡಿ ಬಂದಿದ್ದೆ. ತುಪ್ಪದನ್ನ ಬಡಿಸುತ್ತ ಆಕೆ ಕೇಳಿದ್ದು ಒಂದೇ, ತಂದೆ ಬರುತ್ತಾರಲ್ಲವೇ ಎಂದು. ನಾನು ಧಾರಾಳವಾಗಿ ಹೂಂ ಎಂದಿದ್ದೆ.

ದುಬೈಯಿಂದಲೇ ನಮ್ಮ ಮ್ಯಾನೇಜರರಿಗೆ ಫೋನ್ ಮಾಡಿದೆ. ಈಜಿಪ್ಟಿನವರು, ಮಾತು ಒರಟು. ನಾನು ಮದೀನತ್ ಜಾಯೆದ್ ಮುಟ್ಟುವಷ್ಟರಲ್ಲಿ ಹಮೀದರ ಸಂಜೆಯ ವಿಮಾನ ಹಾರಿಹೋಗುತ್ತದೆ, ಅವರನ್ನೇ ಎದುರಿಗೆ ಕಳಿಸಿ ಎಂದು ಅಂಗಲಾಚಿದೆ. ಮೊದಲು ಮಾಫಿ, ಆಗದು ಎಂದವರು, ಮದುಮಗಳ ತಂದೆ ಎಂದಾಗ ಸ್ಟೋರಿಗೆ ಬೀಗ ಹಾಕಿಸಿ ಆಫೀಸಿನ ಪಿಕಪ್‌ನಲ್ಲಿ ಕಳಿಸುವುದಾಗಿ ಹೇಳಿದರು. ಅಬುಧಾಬಿ ವಿಮಾನ ನಿಲ್ದಾಣಕ್ಕೆ ಹತ್ತಿರದ ಖಲೀಫಾ ಸಿಟಿಯ ಒಂದು ಪೆಟ್ರೋಲ್ ಬಂಕಿನಲ್ಲಿ ಭೇಟಿ ಎಂದು ನಿಶ್ಚಯವಾಯಿತು.

ಅಬುಧಾಬಿಗೆ ಬಸ್ಸಾದರೆ ಅಗ್ಗ. ಸಾಲಿನಲ್ಲಿ ನಿಲ್ಲುವ ತಾಳ್ಮೆಯಿಲ್ಲದೆ, ಅದರ ಹತ್ತು ಪಟ್ಟು ತೆತ್ತು ಟ್ಯಾಕ್ಸಿ ಹತ್ತಿದೆ. ಪೇಶಾವರದ ಚಾಲಕ ವಿಷಯ ಕೇಳಿದ ಮೇಲೆ ಹರಟೆ ನಿಲ್ಲಿಸಿ ಗಾಡಿ ಓಡಿಸಿದ. ದಾರಿಯಲ್ಲಿ ಮಂಜು ಕರಗಿ ಬಿಸಿಲು ಬಂದಿತ್ತು.

ಬಂಕಿನಲ್ಲಿ ಹಮೀದರು ಹೊಸ ಅಂಗಿ ತೊಟ್ಟು, ಪೆಟ್ಟಿಗೆ ಹಿಡಿದು ಬಿಸಿಲಲ್ಲೇ ನಿಂತಿದ್ದರು. ಬೀಗದ ಕೈ ನನ್ನ ಕೈಗೆ ಬಂತು. ನನ್ನನ್ನು ತಂದ ಟ್ಯಾಕ್ಸಿಗೇ ಅವರ ಪೆಟ್ಟಿಗೆ ಏರಿತು. ನಿಮ್ಮ ಮಗಳ ಮದುವೆಗೂ ನನಗೆ ಬರಲಾಗಲಿಲ್ಲವಲ್ಲ ಎಂದೆ.

ಹಮೀದರು ನನ್ನ ಭುಜ ಹಿಡಿದರು. "ಹಾಗೆ ಹೇಳ್ಬೇಡಿ ಮಾರಾಯ್ರೆ. ಅಲ್ಲಿ ನೀವು ಕಾಣುದಿಲ್ಲ ಅಂದ್ರೆ, ನಾನು ಬಂದು ಮುಟ್ಟಿದ್ದೇನೆ ಅಂತ ಅರ್ಥ. ಮಗಳಿಗೂ ಅದನ್ನೇ ಹೇಳ್ತೇನೆ."

ಟ್ಯಾಕ್ಸಿ ವಿಮಾನ ನಿಲ್ದಾಣದ ಕಡೆ ತಿರುಗಿತು. ಅದು ಮರೆಯಾಗುವವರೆಗೂ ನೋಡಿ, ನಾನು ಪಿಕಪ್ ಹತ್ತಿದೆ.