ಸೊರ ಬಿಡದ ಮೆಷಿನ್ನು

ಹಳೇಕೋಟೆ ಹತ್ತಿರದ ನಮ್ಮೂರಲ್ಲಿ ಹಾಲು ಕರೆಯುವುದಕ್ಕೆ ನನ್ನ ಬಾಮೈದನ ಕೈಗೆ ಸಮನಿಲ್ಲ. ಕರು ಬಿಟ್ಟು, ಕೆಚ್ಚಲು ನೀವಿ, ಹಸು ಸೊರ ಬಿಡುವವರೆಗೆ, ಅಂದರೆ ತಡೆಹಿಡಿದ ಹಾಲನ್ನು ಮೊಲೆಗೆ ಇಳಿಸುವವರೆಗೆ, ಅವಸರವಿಲ್ಲದೆ ಕೂತಿರುತ್ತಾನೆ. ಅವನಿಗಿದ್ದದ್ದು ಒಂದೇ ಸೀಮೆಹಸು. ಡೇರಿಗೆ ಹಾಕುವ ಹಾಲಿನಲ್ಲೇ ಸಂಸಾರ. ಅವನನ್ನು ತಿಂದದ್ದು ಅವನ ಆ ತಾಳ್ಮೆಯೇ.

ನಾನು ಎಂಟನೇ ಕ್ಲಾಸಿಗೆ ಸ್ಕೂಲು ಬಿಟ್ಟವನು. ಅರಕಲಗೂಡಿನ ಒಂದು ಅಂಗಡಿಯಲ್ಲಿ ಪಂಪಿನ ಸ್ಟಾರ್ಟರು ಬಿಚ್ಚಿ ಬಿಚ್ಚಿ ಕೆಲಸ ಕಲಿತು, ಯಾರ ಮುಂದೆಯೂ ಕೈಚಾಚದೆ ಹೊಳೆನರಸೀಪುರದಲ್ಲಿ ಸ್ವಂತ ಅಂಗಡಿ ಇಟ್ಟೆ. ಚನ್ನರಾಯಪಟ್ಟಣದ ಕ್ಲಬ್ಬಿನವರು ಕೆಟ್ಟುಹೋದ ಜೂಜಿನ ಮೆಷಿನ್ನುಗಳನ್ನು ನನ್ನ ಹತ್ತಿರವೇ ತರುತ್ತಾರೆ. ಬಾಮೈದ ಆ ಕ್ಲಬ್ಬಿಗೆ ಹೋಗಿ, ಬಟನ್ ಒತ್ತಿ ಮೂರು ಏಳು ಸಾಲಾಗಿ ಬರಲಿ ಎಂದು ಕಾಯುವ ಆ ಆಟ ಕಲಿತ.

"ಬೆಳಗ್ಗಿಂದ ಬರೀ ತಿಂತಾ ಐತೆ ಭಾವ. ಕೆಚ್ಚಲು ಬಿಗಿದೈತೆ. ಇನ್ನೇನು ಸೊರ ಬಿಡ್ತದೆ," ಎಂದು ಮೆಷಿನ್ನಿನ ಬಗ್ಗೆ ಅನ್ನುತ್ತಿದ್ದ.

ಒಂದು ದಿನ ನನ್ನ ಹೆಂಡತಿ ಅಳುತ್ತ ಬಂದಳು. "ಹಸ ಮಾರ್ತಾನಂತೆ ಕಣ್ರೀ. ನೀವಾದ್ರೂ ಬುದ್ಧಿ ಹೇಳಿ."

ಭಾನುವಾರ ಅವನನ್ನು ಅಂಗಡಿಗೆ ಕರೆಸಿದೆ. ರಿಪೇರಿಯಾದ ಮೆಷಿನ್ನೊಂದು ಮೇಜಿನ ಮೇಲಿತ್ತು. ಹಿಂದಿನ ಬಾಗಿಲು ತೆಗೆದು ತೋರಿಸಿದೆ.

"ನೋಡ್ಲಾ, ಈ ಚಿಪ್ಪು. ನೀನು ಬಟನ್ ಒತ್ತಿದ ಗಳಿಗೇಲೇ ಇದು ಒಂದು ನಂಬರು ಎತ್ಕತದೆ. ಸೋಲು ಗೆಲುವು ಅಲ್ಲಿಗೇ ಮುಗೀತು. ಆಮ್ಯಾಕೆ ಚಕ್ರ ತಿರುಗೋದೆಲ್ಲ ನಾಟಕ."

"ಮತ್ತೆ ಎರಡು ಏಳು ಸಾಲಾಗಿ ಬಂದು, ಮೂರನೇದು ಒಂದು ಗೆರೆ ಮ್ಯಾಲೇ ನಿಲ್ತದಲ್ಲ?"

"ಅಂಗೆ ನಿಲ್ಲಲಿ ಅಂತಲೇ ಬರೆದವ್ರೆ ಕಣ್ಲಾ, ನಿನ್ನಂಥೋನು ಎದ್ದು ಓಗಬಾರ್ದು ಅಂತ."

ಸೆಟ್ಟಿಂಗೂ ತೋರಿಸಿದೆ. ನೂರು ಹಾಕಿದರೆ ಎಂಬತ್ತು ವಾಪಸು ಎಂದಿತ್ತು. ಅದು ಕೂತ ಪ್ರತಿಯೊಬ್ಬನ ಲೆಕ್ಕವಲ್ಲ. ಸಾವಿರಾರು ಜನ ಆಡಿ ಆಡಿ ಒಟ್ಟಿನಲ್ಲಿ ಬೀಳುವ ಲೆಕ್ಕ. ಯಾವಾಗ ಕೊಡುತ್ತದೆ, ಯಾರಿಗೆ ಕೊಡುತ್ತದೆ ಎಂದು ಸೆಟ್ ಮಾಡುವ ನನಗೂ ಗೊತ್ತಾಗುವುದಿಲ್ಲ. ಹಿಂದೆ ಎಷ್ಟು ತಿಂದೆ ಎಂದು ಆ ಚಿಪ್ಪಿಗೆ ನೆನಪೂ ಇಲ್ಲ. ಪ್ರತಿ ಸಲವೂ ಅದಕ್ಕೆ ಮೊದಲ ಸಲವೇ.

ಅವನು ತಲೆಯಾಡಿಸಿದ. ನಂಬಲಿಲ್ಲ. ಸರಿ, ಕಣ್ಣಾರೆ ನೋಡಲಿ ಎಂದು ಟೆಸ್ಟಿಂಗಿನ ಪುಕ್ಕಟೆ ಪಾಯಿಂಟು ತುಂಬಿಸಿ ಕೂರಿಸಿದೆ. ಮಧ್ಯಾಹ್ನದ ಹೊತ್ತಿಗೆ ಮುಕ್ಕಾಲು ಪಾಲು ಕರಗಿತ್ತು. ನನಗೆ ಒಳಗೊಳಗೇ ಖುಷಿ. ಮಿಕ್ಸಿಯೊಂದನ್ನು ಬಿಚ್ಚಿಕೊಂಡು ಕೂತೆ.

ಮೆಷಿನ್ನಿನ ಗಂಟೆ ಬಾರಿಸಿತು. ಪರದೆಯ ಮೇಲೆ ಮೂರು ಏಳು ಸಾಲಾಗಿ ನಿಂತಿದ್ದವು. ಅದಕ್ಕಿಂತ ದೊಡ್ಡ ಗೆಲುವು ಆ ಮೆಷಿನ್ನಿನಲ್ಲಿ ಇಲ್ಲ.

ಬಾಮೈದ ನಗಲಿಲ್ಲ. "ದುಡ್ಡು?" ಎಂದ.

"ಯಾವ ದುಡ್ಡು? ಟೆಸ್ಟಿಂಗು ಕಣ್ಲಾ ಇದು."

ಅವನ ಮುಖ ಬಿಳಿಚಿಕೊಂಡಿತು. "ನನ್ನ ಪಾಲಿಂದು ನೀನು ಇಲ್ಲಿ ಸುರಿಸ್ಬುಟ್ಟೆ ಭಾವ. ಬೇಕಂತ್ಲೇ." ಆಮೇಲೆ ಮೆಷಿನ್ನಿನ ಪಕ್ಕೆ ಸವರುತ್ತ ಮೆಲ್ಲಗೆ ಕೇಳಿದ: "ಇದು ಕ್ಲಬ್ಬಿಗೆ ಯಾವಾಗ ಓಯ್ತದೆ?"

"ನಾಳೆ. ಯಾಕ್ಲಾ?"

"ಸೊರ ಬಿಟ್ಟೈತೆ. ಈಗ ಕೈ ತೆಗೀಬಾರ್ದು."

ನನಗೆ ರೇಗಿತು. "ಓಗು, ಹಸ ಮಾರ್ಬುಟ್ಟು ಈ ಮೆಷಿನ್ನಲ್ಲೇ ಹಾಲು ಕರ್ಕೋ ಓಗು!" ಎಂದೆ.

"ಹಸ ನೀನೇ ತಗೋ ಮತ್ತೆ," ಎಂದ.

ತಗೊಂಡೆ. ನಾನು ಬೇಡವೆಂದಿದ್ದರೆ ಬೇರೆಯವನಿಗೆ ಮಾರುತ್ತಿದ್ದ. ಸಂತೆಯಲ್ಲಿ ಎಷ್ಟು ಬೆಲೆಯೋ ಅಷ್ಟನ್ನೇ ಕೊಟ್ಟೆ, ಒಂದು ಪೈಸೆ ಕಮ್ಮಿ ಮಾಡಲಿಲ್ಲ. ಅದಷ್ಟನ್ನೂ ನಾನು ಕೈಯಾರೆ ರಿಪೇರಿ ಮಾಡಿದ ಆ ಮೆಷಿನ್ನೇ ನುಂಗಿತು.

ಹಸು ನನ್ನ ಹೆಂಡತಿಗೆ ಸೊರ ಬಿಡಲಿಲ್ಲ. ಕರು ಬಿಟ್ಟರೂ ಇಲ್ಲ, ಹಿಂಡಿ ಇಟ್ಟರೂ ಇಲ್ಲ. ನನ್ನನ್ನು ಒದ್ದಿತು. ಕೊನೆಗೆ ಬಾಮೈದನಿಗೇ ಕೂಲಿ ಗೊತ್ತು ಮಾಡಿದೆ. ಈಗ ಎರಡೂ ಹೊತ್ತು ಬಂದು ಕರೆದುಕೊಡುತ್ತಾನೆ. ಅವನ ಕೈ ತಾಗಿದರೆ ಸಾಕು, ಹಾಲು ಇಳಿಯುತ್ತದೆ. ಅವನ ಹೆಂಡತಿ ಲೋಟ ಹಿಡಿದು ನಮ್ಮ ಬಾಗಿಲಿಗೆ ಬಂದು ತನ್ನ ಮಕ್ಕಳಿಗೆ ಹಾಲು ಕೊಂಡುಹೋಗುತ್ತಾಳೆ. ಬೆಳಗಿನ ಕೂಲಿ ಕೈಗೆ ಬಿದ್ದ ತಕ್ಷಣ ಅವನು ಚನ್ನರಾಯಪಟ್ಟಣದ ಬಸ್ಸು ಹತ್ತುತ್ತಾನೆ.